ಎಡಗೈಯ ಎರಡು ಪಾವು ನೀರು

ಇವತ್ತು ಮಾಡಿದ ಕೆಲಸಗಳು. ಐದೂವರೆಗೆ ಎದ್ದು ಬಾಗಿಲಿಗೆ ನೀರು ಹಾಕಿ ಸಣ್ಣದೊಂದು ರಂಗೋಲಿ ಇಟ್ಟೆ. ಹಾಲು ಕಾಯಿಸಿದೆ. ಅತ್ತೆಗೆ ಬಿಪಿ ಮಾತ್ರೆ ಕೊಟ್ಟೆ. ಎಡಗೈಯ ಬ್ಯಾಂಡೇಜ್ ಬಿಚ್ಚಿ, ಕೈಯನ್ನು ನೀರು ತುಂಬಿದ ಪೈಪಿನಲ್ಲಿ ಮುಳುಗಿಸಿ, ಹೊರಗೆ ಚೆಲ್ಲಿದ ನೀರನ್ನು ಪಾವಿನಿಂದ ಅಳೆದೆವು. ಚಿತ್ರಾನ್ನ ಕಲಸಿದೆ. ಹುರುಳಿಕಾಳು ನೆನೆಹಾಕಿದೆ. ಕಾವೇರಿ ನೀರು ಬಿಡುವ ದಿನವಾದ್ದರಿಂದ ಸಂಪು ತುಂಬುವವರೆಗೆ ಕಾದು ವಾಲ್ವ್ ತಿರುಗಿಸಿದೆ. ಹತ್ತೂವರೆಗೆ ಅತ್ತೆಯ ಜೊತೆ ಆಟೋದಲ್ಲಿ ಬ್ರೂಕ್‌ಫೀಲ್ಡಿನ ಆಸ್ಪತ್ರೆಗೆ ಹೋಗಿಬಂದೆ. ಮಧ್ಯಾಹ್ನ ಆರು ಬ್ಯಾಂಡೇಜ್ ಪಟ್ಟಿಗಳನ್ನು ಒಗೆದು ಮಹಡಿಯ ತಂತಿಗೆ ಹಾಕಿ ಕ್ಲಿಪ್ಪು ಸಿಕ್ಕಿಸಿದೆ.

ದಿನದ ಕೆಲಸ ಬರೆದಿಡುವುದು ನನಗೆ ಹಳೆಯ ಅಭ್ಯಾಸ. ಹೊಸ ಸಿಲಿಂಡರ್ ಹಚ್ಚಿದ ದಿನ, ಉಪ್ಪಿನಕಾಯಿ ಹಾಕಿದ ದಿನ, ಟ್ಯಾಂಕ್ ತೊಳೆಸಿದ ದಿನ, ಎಲ್ಲವೂ ನನ್ನ ನೋಟ್‌ಬುಕ್ಕಿನಲ್ಲಿರುತ್ತವೆ. ಈ ಮೂರು ವಾರದಿಂದ ಪ್ರತಿ ಪುಟದ ಕೆಳಗೆ ಒಂದು ಹೊಸ ಸಾಲು ಸೇರಿಕೊಂಡಿದೆ. ಮೊದಲ ದಿನದ್ದು ಹೀಗಿದೆ: ಬಲಗೈ ಏಳು ಪಾವು, ಎಡಗೈ ಒಂಬತ್ತು ಪಾವು. ಒಂದೇ ಮೈಗೆ ಅಂಟಿಕೊಂಡಿರುವ ಎರಡು ಕೈಗಳ ನಡುವೆ ಅರ್ಧ ಸೇರಿನ ವ್ಯತ್ಯಾಸ ಬಂದದ್ದು ಹೇಗೆ, ಆ ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕಾಗಿತ್ತು ಎನ್ನುವುದನ್ನು ತಿಳಿದುಕೊಳ್ಳುವುದರಲ್ಲೇ ನನಗೆ ಈ ದಿನಗಳು ಕಳೆದವು.

ನಾಲ್ಕು ವರ್ಷದ ಹಿಂದೆ ನನ್ನ ಎಡಗಡೆಯ ಎದೆಯಲ್ಲಿ ಗಂಟು ಕಾಣಿಸಿಕೊಂಡು ಆಪರೇಷನ್ ಆಯಿತು. ಕಂಕುಳಿನಲ್ಲಿದ್ದ ಗ್ರಂಥಿಗಳನ್ನೂ ತೆಗೆದಿದ್ದರು. ಮನೆಗೆ ಕಳಿಸುವಾಗ ನರ್ಸಮ್ಮ ಹೇಳಿದ್ದರು: ಎಡಗೈಯಲ್ಲಿ ರಕ್ತ ತೆಗೆಸಬೇಡಿ, ಬಿಪಿ ನೋಡಿಸಬೇಡಿ, ಗಾಯ ಮಾಡಿಕೊಳ್ಳಬೇಡಿ, ಬಿಗಿಯಾದದ್ದು ಏನನ್ನೂ ಹಾಕಬೇಡಿ. ಮೊದಲ ವರ್ಷ ಎಲ್ಲವನ್ನೂ ಪಾಲಿಸಿದೆ. ಕೈ ಏನೂ ತಕರಾರು ಮಾಡಲಿಲ್ಲ. ತಕರಾರು ಮಾಡದವರನ್ನು ಮರೆಯುವ ಹಾಗೆ ಅದನ್ನೂ ಮರೆತೆ.

ಅದು ನೆನಪಾದದ್ದು ಬೊಮ್ಮಸಂದ್ರದಲ್ಲಿ, ನಾದಿನಿಯ ಮಗಳ ಬಳೆ ಶಾಸ್ತ್ರದ ದಿನ. ಹುಡುಗಿಗೆ ಏಳು ತಿಂಗಳು. ಬಸುರಿಗೆ ತೊಡಿಸಿದ ಮೇಲೆ ಬಂದ ಮುತ್ತೈದೆಯರನ್ನೆಲ್ಲ ಸಾಲಾಗಿ ಕೂರಿಸಿ ಹಸಿರು ಗಾಜಿನ ಬಳೆ ತೊಡಿಸುವುದು ನಮ್ಮಲ್ಲಿ ಪದ್ಧತಿ. ಅವತ್ತು ತೊಟ್ಟ ಬಳೆಯನ್ನು ನಮ್ಮ ಮನೆಯ ಹೆಂಗಸರು ಹೆರಿಗೆಯಾಗುವವರೆಗೆ ತಾವಾಗಿ ತೆಗೆಯುವುದಿಲ್ಲ. ಬಳೆಗಾರ್ತಿ ಚಾಪೆಯ ಮೇಲೆ ಕೂತು ನನ್ನ ಬಲಗೈಯನ್ನು ಹಿಟ್ಟಿನ ಹಾಗೆ ಒತ್ತಿ, ಆರು ಬಳೆಗಳನ್ನು ಏರಿಸಿಬಿಟ್ಟಳು. ಎಡಗೈ ಹಿಡಿದವಳು ಹಾಗೇ ಕೂತಳು.

"ಅಕ್ಕ, ಬಲಗೈ ಎರಡು ನಾಲ್ಕು ಸೈಜು. ಇದಕ್ಕೆ ಎರಡು ಆರಾದ್ರೂ ಬೇಕು. ಯಾವಾಗಿಂದ ಇಂಗೈತೆ?"

"ಹೆಂಗೈತೆ?"

"ಊದೈತೆ ಕಣಕ್ಕ. ಗೆಣ್ಣು ಕಾಣ್ತಾ ಇಲ್ಲ."

ಅವಳು ಹೇಳಿದ ಮೇಲೆ ನೋಡಿದೆ. ಬಲಗೈಯ ಬೆರಳ ಬುಡದಲ್ಲಿ ನಾಲ್ಕು ದಿಬ್ಬಗಳಿದ್ದವು. ಎಡಗೈಯಲ್ಲಿ ಆ ಜಾಗ ಬನ್ನಿನ ಹಾಗೆ ಸಮನಾಗಿತ್ತು. ನನ್ನ ಪಕ್ಕದಲ್ಲಿದ್ದ ನಾದಿನಿ, "ಒಂದ್ ಕೈಗೊಂದ್ ಸೈಜಾ? ಫೋಟೋದಲ್ಲಿ ಚೆನ್ನಾಗಿರುತ್ತಾ? ಸ್ವಲ್ಪ ಸೋಪು ಹಚ್ಚಮ್ಮ, ಹೋಗುತ್ತೆ" ಅಂದಳು. ನಾನೂ ಹೂಂ ಅಂದೆ. ಬಳೆಗಾರ್ತಿ ಎರಡು ಸಲ ನನ್ನ ಮುಖ ನೋಡಿ, ಸೋಪು ಹಚ್ಚಿ, ಅದೇ ಎರಡು ನಾಲ್ಕನ್ನು ಒತ್ತಿ ಒತ್ತಿ ಏರಿಸಿದಳು. ನನ್ನ ಕೈಯಲ್ಲಿ ಏನೋ ಆಗಿದೆ ಎಂದು ಮೊದಲು ಕಂಡುಹಿಡಿದವಳು ಅವಳು. ಅವಳ ಮಾತನ್ನು ಸೋಪು ಹಚ್ಚಿ ಜಾರಿಸಿದವಳು ನಾನು.

ಮನೆಗೆ ಬಂದ ಎರಡನೇ ದಿನಕ್ಕೆ ಕೈ ಭಾರ ಅನ್ನಿಸತೊಡಗಿತು. ನೋವಲ್ಲ. ನೆನೆದ ಸೀರೆಯನ್ನು ತೋಳಿನ ಮೇಲೆ ಹಾಕಿಕೊಂಡು ಓಡಾಡಿದ ಹಾಗೆ. ಅತ್ತೆಗೆ ಹೇಳಿದೆ.

ಅತ್ತೆಯ ಬಗ್ಗೆ ಇಲ್ಲಿ ಹೇಳಬೇಕು. ದೊಡ್ಡನೆಕ್ಕುಂದಿಯ ನಮ್ಮ ಬೀದಿಯಲ್ಲಿ ಹುಟ್ಟಿದ ಎಷ್ಟೋ ಮಕ್ಕಳಿಗೆ ಮೊದಲ ಎಣ್ಣೆನೀರು ಹಾಕಿದವರು ಅವರು. ಈಗ ಎಪ್ಪತ್ತು ದಾಟಿದೆ, ಆದರೂ ಅಪಾರ್ಟ್‌ಮೆಂಟಿನವರು ಕಾರು ಕಳಿಸಿ ಕರೆಸಿಕೊಳ್ಳುತ್ತಾರೆ. ಬಾಣಂತಿಯ ಬೆನ್ನಿನ ಮೇಲೆ ಅವರು ಹೆಬ್ಬೆರಳು ಊರಿದರೆ ಹುಡುಗಿ ಒಂದು ಸಲ ಅಮ್ಮಾ ಅಂದು, ಆಮೇಲೆ ಅಲ್ಲೇ ತೂಕಡಿಸುತ್ತಾಳೆ. ಅಂಥ ಕೈ.

"ಎರಡ್ ದಿನ ನನ್ ಕೈಗ್ ಕೊಡು" ಅಂದರು. "ಬಾಣಂತೀರ ಕಾಲು ಕಂಬದಂಗೆ ಊದ್ಕೊಂಡಿರಾದ್ನೇ ಇಳ್ಸಿವ್ನಿ. ಇದ್ಯಾವ ದೊಡ್ಡದು."

ಹರಳೆಣ್ಣೆ ಕಾಯಿಸಿ, ಬಳೆಗಳನ್ನು ಮೇಲೆ ಸರಿಸಿ, ಮಣಿಕಟ್ಟಿನಿಂದ ಭುಜದವರೆಗೆ ನೀವಿದರು. ಆಮೇಲೆ ಸುಡುಸುಡು ನೀರು ಹುಯ್ದರು. ಹಾಯೆನಿಸಿತು, ಸುಳ್ಳು ಹೇಳಬಾರದು. ನೀವಿದ ಅರ್ಧ ಗಂಟೆ ಕೈ ಇಳಿದಂತೆ ಕಾಣುತ್ತಿತ್ತು. ಹತ್ತು ಗಂಟೆಯ ಹೊತ್ತಿಗೆ ಮತ್ತೆ ಮೊದಲಿನಷ್ಟು. ಸಂಜೆಗೆ ಮೊದಲಿಗಿಂತ ಜಾಸ್ತಿ. ಹೊತ್ತು ಸಮೇತ ಬರೆದಿಟ್ಟಿದ್ದೇನೆ, ಆದರೆ ಬರೆದದ್ದನ್ನು ಓದಿ ಅರ್ಥ ಮಾಡಿಕೊಳ್ಳಲಿಲ್ಲ. ಇಳಿಯುತ್ತಿಲ್ಲ ಅಂದರೆ ಒತ್ತಿದ್ದು ಸಾಲದು ಎಂದು ಅತ್ತೆ ಇನ್ನೂ ಬಲವಾಗಿ ಒತ್ತಿದರು, ನಾನು ಇನ್ನೂ ಬಿಸಿ ನೀರು ಕಾಯಿಸಿಕೊಟ್ಟೆ. ಐದನೇ ದಿನ ಕೈ ಕೆಂಪಾಗಿ, ಬಳೆಗಳು ಮಾಂಸದೊಳಗೆ ಹೂತು, ಮುಷ್ಟಿ ಕಟ್ಟಲು ಬಾರದಾಯಿತು. ಅವತ್ತು ಮುದ್ದೆ ತೊಳಸಲು ಹೋಗಿ ಪಾತ್ರೆ ಹಿಡಿದುಕೊಳ್ಳಲಾಗದೆ ಕೋಲನ್ನು ಕೆಳಗಿಟ್ಟೆ.

ಯಜಮಾನರು ಸರ್ಕಾರಿ ಕಾರ್ಖಾನೆಯೊಂದರಲ್ಲಿ ಇನ್‌ಸ್ಪೆಕ್ಷನ್ ವಿಭಾಗದವರು. ಕೈಯನ್ನು ತಿರುಗಿಸಿ ತಿರುಗಿಸಿ ನೋಡಿ, ಒದ್ದೆ ಬಟ್ಟೆ ಸುತ್ತಿ, ಕಟಿಂಗ್ ಪ್ಲೇಯರಿನಿಂದ ಒಂದೊಂದೇ ಬಳೆಯನ್ನು ಒಡೆದರು. ಅತ್ತೆ ದೇವರಮನೆಯ ಕಡೆ ಮುಖ ಮಾಡಿ ನಿಂತಿದ್ದರು.

ಆಸ್ಪತ್ರೆಯಲ್ಲಿ ಮೊದಲು ಸ್ಕ್ಯಾನ್ ಮಾಡಿಸಿದರು. ಹಳೆಯ ಕಾಯಿಲೆ ಮರಳಿಲ್ಲ, ಸೋಂಕೂ ಇಲ್ಲ ಎಂದು ಡಾಕ್ಟರು ಹೇಳಿದ ಮೇಲೆ ನಮ್ಮನ್ನು ಕೆಳಗಿನ ಮಹಡಿಯ ಥೆರಪಿ ಕೋಣೆಗೆ ಕಳಿಸಿದರು. ಅಲ್ಲಿದ್ದವಳು ಮೂವತ್ತರ ಒಳಗಿನ ಹುಡುಗಿ, ಕೋಲಾರದ ಕಡೆಯ ಮಾತು. ನನ್ನ ಮುಂಗೈಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಬಿಟ್ಟಳು. ಗುಳಿ ಬಿತ್ತು. ಅದು ತುಂಬಲು ಎಷ್ಟೋ ಹೊತ್ತು ಹಿಡಿಯಿತು.

"ಗುಳಿ ಬೀಳ್ತಿದೆ. ಒಳ್ಳೇದೇ" ಅಂದಳು.

"ಒಳ್ಳೇದಾ?"

"ಈಗ ಒಳಗಿರೋದು ನೀರು ಆಂಟಿ. ಹಂಗೇ ಬಿಟ್ರೆ ಆ ಜಾಗದಲ್ಲಿ ನಾರು, ಕೊಬ್ಬು ಬೆಳ್ಕೊಂಡು ಗಟ್ಟಿ ಆಗುತ್ತೆ. ಆಮೇಲೆ ಎಷ್ಟು ಒತ್ತಿದ್ರೂ ಗುಳಿ ಬೀಳಲ್ಲ. ಆ ಕೈನ ಇಳಿಸೋದು ಬಹಳ ಕಷ್ಟ. ಮೂರು ವಾರ ಕೊಡಿ ನನಗೆ. ಅಷ್ಟರಲ್ಲಿ ಇಳಿಸ್ಬೇಕು. ಇಳಿದ ಮೇಲೇನೇ ಪ್ರೆಶರ್ ಸ್ಲೀವ್, ಅಂದ್ರೆ ಒಂದೇ ಸಮ ಒತ್ತಿ ಹಿಡಿಯೋ ತೋಳುಚೀಲ, ಅದರ ಅಳತೆ ತಗೊಳ್ಳೋದು. ಊದಿರೋ ಕೈಗೆ ಹೊಲಿಸಿದ್ರೆ ಊತಾನೇ ಅಳತೆ ಆಗ್ಬಿಡುತ್ತೆ."

ಆಮೇಲೆ ಅವಳು ಕೆಂಪು ಚರ್ಮವನ್ನು ನೋಡಿ ಕೇಳಿದಳು: "ಯಾರು ಇಷ್ಟು ಜೋರಾಗಿ ತಿಕ್ಕಿದ್ದು?"

"ನಾನೇ" ಅಂದೆ. "ಅವಳಲ್ಲ, ನಾನು" ಅಂದರು ಅತ್ತೆ, ಬಾಗಿಲ ಬಳಿಯಿಂದ.

ಹುಡುಗಿ ಬೈಯಲಿಲ್ಲ. ಅತ್ತೆಯನ್ನು ಹತ್ತಿರ ಕರೆದು ಕೂರಿಸಿಕೊಂಡು ಹೇಳಿದಳು. ರಕ್ತನಾಳಗಳಿಂದ ದಿನವೂ ಒಂದಿಷ್ಟು ತಿಳಿನೀರು ಜಿನುಗಿ ಮೈಯ ಸಂದುಗಳಲ್ಲಿ ನಿಲ್ಲುತ್ತದಂತೆ. ಅದನ್ನು ಬಳಿದು ವಾಪಸ್ ಒಯ್ಯಲು ಬೇರೆಯೇ ಸಣ್ಣ ನಾಳಗಳಿವೆಯಂತೆ, ಕೂದಲಿಗಿಂತ ತೆಳು, ಚರ್ಮದ ಕೆಳಗೇ. ಆ ನೀರಿಗೆ ದುಗ್ಧರಸ ಎಂದು ಹೆಸರು. ದಾರಿಯಲ್ಲಿ ಅದು ಸೋಸಿಹೋಗುವ ಗ್ರಂಥಿಗಳು ಕಂಕುಳಿನಲ್ಲಿ ಗುಂಪಾಗಿರುತ್ತವೆ, ನನ್ನವನ್ನು ತೆಗೆದಿದ್ದಾರೆ. ನಾಲ್ಕು ವರ್ಷ ಉಳಿದ ಸಣ್ಣಪುಟ್ಟ ದಾರಿಗಳಲ್ಲೇ ಹೇಗೋ ಸಾಗಿಸಿಕೊಂಡು ಬಂದ ಕೈ ಈಗ ಸೋತಿದೆ. ಬಿಗಿ ಬಳೆ ದಾರಿ ಕಟ್ಟಿತು, ಬಿಸಿನೀರು ಇನ್ನಷ್ಟು ಜಿನುಗಿಸಿತು.

"ಜೋರಾಗಿ ಒತ್ತಿದ್ರೆ ಆ ನಾಳಗಳು ಮುಚ್ಕೊಂಡ್ಬಿಡುತ್ತೆ ಅಜ್ಜಿ. ಅಷ್ಟು ಸೂಕ್ಷ್ಮ."

ಯಜಮಾನರು ಕೇಳಿದರು: "ಇದಕ್ಕೆ ಪಂಪ್ ಎಲ್ಲಿದೆ?"

"ಹೃದಯದ ಥರ ಪಂಪ್ ಇಲ್ಲ ಸರ್. ನಾಳಗಳೇ ಸ್ವಲ್ಪ ಸ್ವಲ್ಪ ಹಿಂಡ್ಕೊಳ್ಳುತ್ತೆ. ನಾವು ಕೈಕಾಲು ಆಡ್ಸೋದು, ಉದ್ದಕ್ಕೆ ಉಸಿರು ಎಳೆಯೋದು, ಅದೂ ತಳ್ಳುತ್ತೆ. ಹಿಂದಕ್ಕೆ ಬರಬಾರ್ದು ಅಂತ ಒಳಗೆ ವಾಲ್ವ್ ಇದೆ."

"ನಾನ್ ರಿಟರ್ನ್ ವಾಲ್ವು" ಅಂದರು ಯಜಮಾನರು. ಅವರ ಮುಖದಲ್ಲಿ ಆ ವಾರದಲ್ಲೇ ಮೊದಲ ಸಲ ಸ್ವಲ್ಪ ಬೆಳಕು ಕಂಡಿತು. ಹೆಂಡತಿಯ ಮೈಯಲ್ಲಿ ತಮಗೆ ಗೊತ್ತಿರುವ ಒಂದು ಸಾಮಾನು ಸಿಕ್ಕ ಹಾಗೆ.

ಆಮೇಲೆ ಅವಳು ನನ್ನನ್ನು ಮಲಗಿಸಿ ಕೆಲಸ ಶುರುಮಾಡಿದಳು. ಊದಿದ್ದು ಎಡಗೈ, ಅವಳು ಕೈಯಿಟ್ಟದ್ದು ಕುತ್ತಿಗೆಯ ಬುಡಕ್ಕೆ. ಅಲ್ಲಿಂದ ಬಲ ಕಂಕುಳು. ಆಮೇಲೆ ಎದೆಯ ಮೇಲೆ ಎಡದಿಂದ ಬಲಕ್ಕೆ. ಆಮೇಲೆ ಎಡ ಪಕ್ಕೆಯಿಂದ ಸೊಂಟದ ಕಡೆಗೆ. ಕಾಲು ಗಂಟೆಯಾದರೂ ಊದಿದ ಕೈಯನ್ನು ಮುಟ್ಟಲೇ ಇಲ್ಲ. ಕೊನೆಗೆ ಭುಜ, ತೋಳು, ಮೊಣಕೈ, ಮುಂಗೈ. ಬೆರಳುಗಳಿಗೆ ಎಲ್ಲಕ್ಕಿಂತ ಕೊನೆಯ ಸರದಿ. ಅದೂ ಏನು ಒತ್ತು? ಬೆಕ್ಕಿನ ಮರಿಯನ್ನು ಸವರಿದ ಹಾಗೆ. ಇದಕ್ಕೆ ಇಷ್ಟು ದೂರ ಬರಬೇಕಿತ್ತೇ ಎಂದು ನನಗೇ ಅನ್ನಿಸಿತು.

ಅತ್ತೆ ಮಾತ್ರ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. "ಊದಿರದ್ ಕೈಯಿ. ಕುತ್ತಿಗೆ ಯಾಕವ್ವ ಮೊದ್ಲು?"

"ಅಲ್ಲೇ ಅಜ್ಜಿ ಈ ನೀರು ಕೊನೆಗೆ ರಕ್ತಕ್ಕೆ ಸೇರೋದು. ಮುಂದಿನ ದಾರಿ ಬಿಡಿಸ್ಕೊಂಡು ಆಮೇಲೆ ಹಿಂದಿನದು ತಳ್ಳೋದು."

ಅತ್ತೆ ತಮ್ಮ ಕುತ್ತಿಗೆಯ ಬುಡ ಮುಟ್ಟಿ ನೋಡಿಕೊಂಡು, "ಕೋಡಿ ಕುತ್ತಿಗೇಲೈತೆ ಅನ್ನು" ಅಂದರು.

ಅತ್ತೆಯ ತಂದೆ ಪಕ್ಕದ ಊರಿನ ಕೆರೆಗೆ ನೀರುಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿ ತೂಬು ಎತ್ತುವವರು. ಕೋಡಿ ಎಂದರೆ ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಬೀಳುವ ಜಾಗ. ಈಗ ಆ ಕೆರೆಯ ಸುತ್ತ ಕಂಪನಿಯವರು ಬೆಳಿಗ್ಗೆ ವಾಕಿಂಗ್ ಮಾಡುತ್ತಾರೆ. ತೂಬಿನ ಕಲ್ಲುಗಳು ಇವೆ, ಗದ್ದೆಗಳಿಲ್ಲ. ವಾಪಸ್ ಬರುವಾಗ ಆಟೋದಲ್ಲಿ, ರಿಂಗ್ ರೋಡಿನ ಸಿಗ್ನಲ್ಲಿನಲ್ಲಿ ನಿಂತಿದ್ದಾಗ, ಅತ್ತೆ ರಸ್ತೆಯ ಕಡೆ ನೋಡುತ್ತ ಹೇಳಿದರು: "ತೂಬು ಎತ್ತಕ್ ಮುಂಚೆ ನಮ್ಮಪ್ಪ ಗುದ್ಲಿ ತಕ್ಕೊಂಡು ಕೆಳಗ್ಲಿಂದ ಕಾಲುವೆ ಬಿಡಿಸ್ಕೊಂಡ್ ಬರೋನು. ಕಡೇ ಗದ್ದೆಯಿಂದ ಮೇಲಕ್ಕೆ. ನಾನು ಜೊತೇಲಿ ಓಡೋಗೋಳು. ಅಷ್ಟು ಗೊತ್ತಿದ್ದೂ ಇಂಗ್ ಮಾಡಿದ್ನಲ್ಲ."

ಅಷ್ಟೇ. ಮನೆಗೆ ಬಂದು ಎಣ್ಣೆಯ ಬಟ್ಟಲನ್ನು ತೊಳೆದು ಕವುಚಿ ಹಾಕಿದರು.

ಚಿಕಿತ್ಸೆ ಹೀಗಿತ್ತು: ಬೆಳಿಗ್ಗೆ ಹುಡುಗಿ ಹೇಳಿಕೊಟ್ಟಂತೆ ಸವರಿ, ಎಣ್ಣೆಯ ಬದಲು ಕ್ರೀಮು ಹಚ್ಚಿ, ಬೆರಳಿನಿಂದ ಕಂಕುಳಿನವರೆಗೆ ಸ್ಪಂಜು ಇಟ್ಟು ಆರು ಪಟ್ಟಿ ಸುತ್ತುವುದು. ಕಟ್ಟಿದ ಮೇಲೆ ಸುಮ್ಮನೆ ಕೂರಬಾರದು. ಕೈ ಆಡಿಸುತ್ತ ಸಣ್ಣಪುಟ್ಟ ಕೆಲಸ ಮಾಡಿದರೆ ಪಟ್ಟಿಯ ಬಿಗಿಗೆ ನೀರು ಮೇಲಕ್ಕೆ ಹೋಗುತ್ತದೆ. ಸಂಜೆ ಇನ್ನೊಂದು ಸಲ ಸವರುವುದು. ಮೈಯ ಮುಂಭಾಗದ್ದನ್ನು ನಾನೇ ಮಾಡಿಕೊಳ್ಳಬಹುದು. ಬೆನ್ನಿನ ಕಡೆಯಿಂದ ದಾಟಿಸಲು ಇನ್ನೊಬ್ಬರ ಕೈ ಬೇಕು.

"ಅತ್ತೆ, ನೀವು ಮಾಡಿ" ಅಂದೆ.

"ನನ್ ಕೈ ಬ್ಯಾಡ. ಕೈಗೇ ಸೂತಕ ಬಂದಂಗಾಗೈತೆ." ಆ ವಾರ ಅಪಾರ್ಟ್‌ಮೆಂಟಿನಿಂದ ಮಗುವಿನ ನೀರಿಗೆ ಕರೆ ಬಂದಾಗಲೂ ಮೈ ಸರಿಯಿಲ್ಲ ಎಂದು ಹೇಳಿಸಿದರು.

ಹಾಗಾಗಿ ಯಜಮಾನರು ಹೊಣೆ ಹೊತ್ತರು. ಅವರ ಅಂಗೈ ಎಮರಿ ಪೇಪರಿನಷ್ಟು ಒರಟು. ಮೇಲಾಗಿ ಅವರ ಆಸಕ್ತಿ ಸವರುವುದಕ್ಕಿಂತ ಅಳೆಯುವುದರಲ್ಲಿ. ಹುಡುಗಿ ಟೇಪಿನಿಂದ ಅಳೆದದ್ದು ಅವರಿಗೆ ಸಮಾಧಾನವಾಗಿರಲಿಲ್ಲ. "ಟೇಪು ಒಂದ್ಸಲ ಬಿಗಿ, ಒಂದ್ಸಲ ಸಡಿಲ. ಅದು ರೀಡಿಂಗಾ?" ಮಾರನೇ ದಿನ ಆರು ಇಂಚು ಅಗಲದ ಪಿವಿಸಿ ಪೈಪಿನ ತೋಳುದ್ದದ ತುಂಡು ತಂದು, ಕೆಳಗೆ ಮುಚ್ಚಳ ಕೂರಿಸಿ, ಮೇಲ್ತುದಿಯ ಪಕ್ಕ ಸಣ್ಣ ಮೂತಿ ಇಟ್ಟರು. ಮೂತಿಯವರೆಗೆ ನೀರು ತುಂಬಬೇಕು, ನನ್ನ ತೋಳಿನ ಮೇಲಿನ ಪೆನ್ನಿನ ಗುರುತು ಮುಳುಗುವವರೆಗೆ ಕೈ ಇಳಿಸಬೇಕು. ಮೂತಿಯಿಂದ ಚೆಲ್ಲಿದ್ದೇ ಕೈಯ ಗಾತ್ರ. ಚೆಲ್ಲಿದ್ದನ್ನು ಅಳೆಯಲು ಲೀಟರ್ ಅಳತೆ ಹುಡುಕುತ್ತಿದ್ದಾಗ ಅತ್ತೆ ಅಡುಗೆಮನೆಯಿಂದ ರಾಗಿ ಅಳೆಯುವ ಹಿತ್ತಾಳೆ ಪಾವು ತಂದು ಸದ್ದಿಲ್ಲದೆ ಪಕ್ಕದಲ್ಲಿಟ್ಟು ಹೋದರು. ಹಾಗೆ ನನ್ನ ಕೈ ಪಾವಿನ ಲೆಕ್ಕಕ್ಕೆ ಬಂತು.

"ಲೇ, ಕೈ ಅಲ್ಲಾಡಿಸ್ಬೇಡ. ಹನಿ ನಿಲ್ಲೋವರೆಗೂ ಇರು."

"ಚಳಿ ಕಣ್ರೀ."

"ಇನ್ಸ್‌ಪೆಕ್ಷನ್ ಟೈಮಲ್ಲಿ ಜಾಬ್ ಮಾತಾಡಲ್ಲ." ಜಾಬ್ ಅಂದರೆ ಅವರ ಕಾರ್ಖಾನೆಯಲ್ಲಿ ತಪಾಸಣೆಗೆ ಬರುವ ಬಿಡಿಭಾಗ.

ಮೊದಲ ವಾರದ ಸಾಲುಗಳು: ಒಂಬತ್ತು, ಒಂಬತ್ತು, ಎಂಟೂ ಮುಕ್ಕಾಲು, ಒಂಬತ್ತು. ಹಗಲು ಪಟ್ಟಿ ಇಳಿಸಿದ್ದನ್ನು ಬೆಳಗಾಗುವಷ್ಟರಲ್ಲಿ ಕೈ ಮತ್ತೆ ತುಂಬಿಕೊಳ್ಳುತ್ತಿತ್ತು. ಪ್ರತಿದಿನ ಬೆಳಿಗ್ಗೆ ಹೆಬ್ಬೆರಳು ಒತ್ತಿ ಗುಳಿ ಬೀಳುತ್ತದೆಯೇ ಎಂದು ನೋಡಿಕೊಳ್ಳುತ್ತಿದ್ದೆ. ಬೀಳುತ್ತಿತ್ತು. ಬಿದ್ದರೆ ಇನ್ನೂ ಕಾಲ ಮಿಂಚಿಲ್ಲ ಎಂದು ಸಮಾಧಾನ, ಮೂರರಲ್ಲಿ ಒಂದು ವಾರ ಹೋಯಿತಲ್ಲ ಎಂದು ಕಳವಳ.

ಎಂಟನೇ ದಿನ ಮಧ್ಯಾಹ್ನ ಮೂರಕ್ಕೆ ನಾನು ಕಾಫಿಗೆಂದು ಅಡುಗೆಮನೆಗೆ ಹೋದೆ. ಅತ್ತೆ ಕಟ್ಟೆಯ ಮುಂದೆ ನಿಂತು, ಆರಿದ ಹಾಲಿನ ಪಾತ್ರೆಯ ಮೇಲೆ ಬಗ್ಗಿ, ಬೆರಳನ್ನು ಮಲಗಿಸಿ ಕೆನೆಯನ್ನು ಮೆಲ್ಲಗೆ ತಳ್ಳುತ್ತಿದ್ದರು.

"ಏನ್ ಮಾಡ್ತಿದೀರತ್ತೆ?"

"ಕೆನೆ ನೋಡ್ತಾ ಇವ್ನಿ. ಹರೀಬಾರ್ದು, ಆದ್ರೆ ಸುಕ್ಕು ಮುಂದಕ್ಕೋಗ್ಬೇಕು. ಆ ಹುಡ್ಗಿ ಅಷ್ಟೇ ಒತ್ತಿದ್ದು."

ಎಷ್ಟು ದಿನದಿಂದ ಎಂದು ಕೇಳಲಿಲ್ಲ. ಆ ವಾರ ಕೆನೆ ತೆಗೆಯುವಾಗ ಚೂರುಚೂರಾಗಿ ಸಿಗುತ್ತಿದ್ದದ್ದು ನೆನಪಾಯಿತು; ಹಾಲಿನವನು ನೀರು ಬೆರೆಸುತ್ತಿದ್ದಾನೆ ಎಂದು ನಾನು ಅಂದುಕೊಂಡಿದ್ದೆ. ಅವತ್ತಿನ ಕೆನೆ ಇಡಿಯಾಗಿತ್ತು.

"ಸಾಯಂಕಾಲ ನನ್ ಹತ್ರ ಕೂತ್ಕೊ" ಅಂದರು.

ಮೊದಲ ದಿನ ಕುತ್ತಿಗೆಯ ಬುಡದಲ್ಲಿ ಬೆರಳನ್ನು ಮಲಗಿಸಿ ಶುರುಮಾಡಿದರು. ಒತ್ತುವುದು ಅವರಿಗೆ ಐವತ್ತು ವರ್ಷದ ಅಭ್ಯಾಸ. ಒತ್ತದಿರಲು ಹೆಚ್ಚು ಶಕ್ತಿ ಬೇಕಾಗಿತ್ತು ಎಂದು ಕಾಣುತ್ತದೆ, ಹಣೆಯಲ್ಲಿ ಬೆವರಿತ್ತು. ನಡುವೆ ಹೆಬ್ಬೆರಳು ತಾನಾಗಿ ಇಳಿದಾಗ, "ಥೂ, ನಿನ್ನ" ಎಂದು ತಮ್ಮ ಹೆಬ್ಬೆರಳನ್ನೇ ಬೈದು ಮತ್ತೆ ಕುತ್ತಿಗೆಯಿಂದ ಶುರು. ಸವರುವಾಗ ಎಣಿಸುತ್ತಿದ್ದರು, ಪ್ರತಿ ಜಾಗದಲ್ಲೂ ಹದಿನೈದು. ನನಗೆ ಬೆನ್ನ ಹಿಂದಿನಿಂದ ಆ ಎಣಿಕೆ ಮಾತ್ರ ಕೇಳುತ್ತಿತ್ತು.

ಆ ಮರುದಿನ ಪಾವು ಎಂಟೂವರೆ ತೋರಿಸಿತು. ಯಜಮಾನರು ನಂಬದೆ ಮೂರು ಸಲ ಅಳೆದರು. ಆಮೇಲೆ ಎಂಟೂಕಾಲು. ಎಂಟು. ಎಂಟರಲ್ಲೇ ಎರಡು ದಿನ. ಪಟ್ಟಿಯ ಕೆಲಸವೇ ಹೆಚ್ಚು ಎಂದು ಥೆರಪಿ ಹುಡುಗಿ ಹೇಳಿದಳು. ನಾನು ಅದನ್ನು ಅತ್ತೆಗೆ ಹೇಳಲಿಲ್ಲ. ಇಳಿದ ನೀರು ಎಲ್ಲಿಗೆ ಹೋಯಿತು ಎನ್ನುವುದು ಅತ್ತೆಯ ದೊಡ್ಡ ಪ್ರಶ್ನೆಯಾಗಿತ್ತು. ರಕ್ತಕ್ಕೆ ಸೇರಿ ಹೆಚ್ಚಾದದ್ದು ಉಚ್ಚೆಯಲ್ಲಿ ಹೋಗುತ್ತದೆ ಅಂದೆ. "ಅದಕ್ಕೇ ನೀನು ಬೆಳಿಗ್ಗೆ ಬೆಳಿಗ್ಗೆ ಎರಡ್ ಸಲ ಎದ್ದೋಗ್ತೀಯ" ಎಂದು ಸಾಕ್ಷಿ ಸಿಕ್ಕವರಂತೆ ತಲೆಯಾಡಿಸಿದರು.

ಹದಿನೇಳನೇ ದಿನ ಹೆಬ್ಬೆರಳು ಒತ್ತಿದರೆ ಗುಳಿ ಬೀಳಲಿಲ್ಲ. ಇನ್ನೊಂದು ಕಡೆ ಒತ್ತಿದೆ. ಅಲ್ಲೂ ಇಲ್ಲ. ಪಾವು ಏಳೂ ಮುಕ್ಕಾಲು ಹೇಳುತ್ತಿತ್ತು, ಆದರೆ ಹುಡುಗಿಯ ಮೊದಲ ದಿನದ ಮಾತೇ ನನ್ನ ಕಿವಿಯಲ್ಲಿತ್ತು: ಗಟ್ಟಿಯಾದ ಮೇಲೆ ಗುಳಿ ಬೀಳಲ್ಲ. ಇಳಿದಷ್ಟು ಇಳಿದು ಉಳಿದದ್ದು ಗಟ್ಟಿಯಾಗಿಬಿಟ್ಟಿತೇ? ಯಾರಿಗೂ ಹೇಳದೆ ನಾಲ್ಕು ದಿನ ಕಳೆದೆ. ಹುಡುಗಿ ಆ ವಾರ ರಜೆಯಲ್ಲಿದ್ದಳು. ಅತ್ತೆ ಸವರುತ್ತಿದ್ದರು, ಎಣಿಸುತ್ತಿದ್ದರು. ನಾನು ಅವರ ಎಣಿಕೆಯೊಳಗೆ ಕೂತು ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿಕೊಳ್ಳುತ್ತಿದ್ದೆ.

ಇವತ್ತು ಇಪ್ಪತ್ತೊಂದನೇ ದಿನ. ಬೆಳಿಗ್ಗೆ ಪಾವಿನಲ್ಲಿ ಏಳೂವರೆ. ಆಸ್ಪತ್ರೆಯಲ್ಲಿ ಹುಡುಗಿ ಪಟ್ಟಿ ಬಿಚ್ಚುವ ಮೊದಲೇ ನಾನು ಬಾಯಿಬಿಟ್ಟೆ.

"ಗುಳಿ ಬೀಳ್ತಿಲ್ಲ ಕಣಮ್ಮ. ನಾಲ್ಕು ದಿನ ಆಯ್ತು."

ಅತ್ತೆ ತಿರುಗಿ ನನ್ನನ್ನು ನೋಡಿದರು. ಹುಡುಗಿ ಒತ್ತಿ ನೋಡಲಿಲ್ಲ. ನನ್ನ ತೋರುಬೆರಳಿನ ಬುಡದಲ್ಲಿ ಚರ್ಮವನ್ನು ಎರಡು ಬೆರಳಿನಿಂದ ಚಿವುಟಿ ಎತ್ತಿದಳು. ಚರ್ಮ ಮಡಿಕೆಯಾಗಿ ಎದ್ದಿತು. ಮೂರು ಜಾಗದಲ್ಲಿ ಹಾಗೆ ಮಾಡಿದಳು.

"ಚಿವುಟಿದ್ರೆ ಚರ್ಮ ಮೇಲೆ ಬರ್ತಿದೆ ನೋಡಿ. ಗಟ್ಟಿ ಆಗಿದ್ರೆ ಬರ್ತಿರ್ಲಿಲ್ಲ. ನೀರು ಇಲ್ಲ ಅಂತ ಗುಳಿ ಬೀಳ್ತಿಲ್ಲ ಆಂಟಿ. ನಾಲ್ಕು ದಿನದಿಂದ ಇದನ್ನ ಮನಸ್ಸಲ್ಲಿಟ್ಕೊಂಡಿದ್ರಾ?"

"ಇಟ್ಕೋತಾಳೆ" ಅಂದರು ಅತ್ತೆ. "ಬುಕ್ಕಲ್ಲೇ ಎಲ್ಲಾ ಬರೀತಾಳೆ. ಬಾಯಲ್ಲಿ ಒಂದೂ ಹೇಳಲ್ಲ."

ಸ್ಲೀವ್‌ಗೆ ಅಳತೆ ತೆಗೆದುಕೊಂಡಳು. ಬಂದ ಮೇಲೆ ಹಗಲೆಲ್ಲ ಹಾಕಿರಬೇಕು. ಇನ್ನೂ ಕೆಲವು ತಿಂಗಳು ರಾತ್ರಿ ಪಟ್ಟಿ ಸುತ್ತಬೇಕು. ಮಚ್ಚು ಮುಳ್ಳಿಗೆ ಕೈ ಕೊಡಬಾರದು, ಕೆಂಪಾಗಿ ಜ್ವರ ಬಂದರೆ ಆ ದಿನವೇ ಓಡಿಬರಬೇಕು. ಬಿಗಿ ಬಳೆ ಎಡಗೈಗೆ ಇನ್ನಿಲ್ಲ.

"ಅರ್ಧ ಪಾವು ಇನ್ನೂ ಇದೆಯಲ್ಲ" ಅಂದೆ. "ಅದು ಹೋಗುತ್ತಾ?"

"ಹೋದ್ರೂ ಹೋಗ್ಬಹುದು, ಇದ್ರೂ ಇರ್ಬಹುದು. ಬೆಳೀದೇ ಇರೋ ಹಾಗೆ ನೋಡ್ಕೋಬೇಕು. ಇದು ದಿನಾ ಮಾಡೋ ಕೆಲಸ ಆಂಟಿ, ಮುಗಿಯೋದಲ್ಲ."

"ಇರ್ಲಿ ಬಿಡವ್ವ" ಅಂದರು ಅತ್ತೆ. "ಕೆರೇಲಿ ಅಷ್ಟೂ ನೀರು ಕಾಲಿ ಮಾಡಕ್ಕುಂಟಾ? ತಳದಲ್ಲಿ ಮೀನಿಗಾದ್ರೂ ಇರ್ಲಿ."

"ನನ್ನ ಕೈಯಲ್ಲಿ ಮೀನಾ ಅತ್ತೆ?"

"ಯಾರ್ ಕಂಡವ್ರೆ. ನಿನ್ ಹೊಟ್ಟೇಲಿ ಇಂಥ ಗುಟ್ಟೆಲ್ಲ ಇರ್ಬೇಕಾದ್ರೆ."

ಮನೆಗೆ ಬಂದ ಮೇಲೆ ಬೊಮ್ಮಸಂದ್ರದಿಂದ ನಾದಿನಿ ಫೋನು ಮಾಡಿದ್ದಳು. ಹೆರಿಗೆಗೆ ಇನ್ನು ಒಂದು ತಿಂಗಳು. ಮಗುವಿಗೆ ಎಣ್ಣೆನೀರು ಹಾಕಲು ಅಮ್ಮ ಬರಬೇಕು ಅಂದಳಂತೆ. ಅತ್ತೆ ಬರುತ್ತೇನೆ ಎಂದಿದ್ದಾರೆ. ಫೋನಿಟ್ಟ ಮೇಲೆ ಅಂಗೈ ನೋಡಿಕೊಂಡು, "ಇನ್ನ ಬಾಣಂತಿ ಬೆನ್ನು ನೀವಕ್ಕೆ ಈ ಕೈಯಿ ಜೋರು ಮಾಡ್ತದೋ ಇಲ್ವೋ" ಅಂದರು. ಮಗುವಿಗೆ ಈ ಕೈಯೇ ಚೆನ್ನ ಎಂದೆ.

ಸಂಜೆ ಯಜಮಾನರಿಗೆ ಸುದ್ದಿ ಹೇಳಿದಾಗ ಅವರು ನೋಟ್‌ಬುಕ್ ತೆಗೆದು ಮೂರು ವಾರದ ಸಾಲುಗಳನ್ನು ಮೇಲಿನಿಂದ ಕೆಳಗೆ ಓದಿ, ಕೊನೆಯ ಏಳೂವರೆಯ ಪಕ್ಕ ತಮ್ಮ ಕಾರ್ಖಾನೆಯ ಶೈಲಿಯಲ್ಲಿ ಸರಿ ಗುರುತು ಹಾಕಿ ಸಣ್ಣ ಸಹಿ ಮಾಡಿದರು. ಪೈಪನ್ನು ತೊಳೆದು ಸ್ನಾನದ ಮನೆಯ ಮೂಲೆಯಲ್ಲಿ ನಿಲ್ಲಿಸಿದ್ದಾರೆ. ವಾರಕ್ಕೊಮ್ಮೆ ಅಳೆಯುವುದೆಂದು ತೀ‍ರ್ಮಾನವಾಗಿದೆ.

ರಾತ್ರಿ ಊಟಕ್ಕೆ ಹುರುಳಿಕಾಳಿನ ಬಸ್ಸಾರು, ಮುದ್ದೆ. ಈ ಮೂರು ವಾರ ಮುದ್ದೆ ತೊಳಸಿದವರು ಯಜಮಾನರೇ. ಇವತ್ತು ನಾನು ಪಟ್ಟಿ ಸುತ್ತಿದ ಎಡಗೈಯಿಂದ ಇಕ್ಕಳ ಹಿಡಿದು ಪಾತ್ರೆ ಅಲುಗದಂತೆ ನಿಂತೆ, ಅವರು ಕೋಲು ತಿರುಗಿಸಿದರು. ಎರಡು ಗಂಟು ಉಳಿದಿದ್ದವು, ಎರಡೂ ಅತ್ತೆಯ ತಟ್ಟೆಗೇ ಹೋದವು. ಅತ್ತೆ ಒಂದನ್ನು ಬೆರಳಲ್ಲಿ ಎತ್ತಿ ಮಗನಿಗೆ ತೋರಿಸಿ ಬಾಯಿಗೆ ಹಾಕಿಕೊಂಡರು. ಊಟವಾದ ಮೇಲೆ ಚಾಪೆಯ ಮೇಲೆ ನನ್ನ ಬೆನ್ನ ಹಿಂದೆ ಕೂತು ಕುತ್ತಿಗೆಯಿಂದ ಶುರುಮಾಡಿದರು. ಬೆನ್ನಿನ ಹದಿನೈದರಲ್ಲಿ ಹನ್ನೊಂದರವರೆಗೆ ಕೇಳಿಸಿತು. ಆಮೇಲೆ ಎಣಿಕೆ ನಿಂತು ಗೊರಕೆ ಬಂತು. ಕೈ ನನ್ನ ಭುಜದ ಮೇಲೇ ಇತ್ತು, ಭಾರವಿರಲಿಲ್ಲ. ಯಜಮಾನರು ಟಿವಿ ಸದ್ದು ತಗ್ಗಿಸಿದರು. ಉಳಿದ ನಾಲ್ಕನ್ನು ಬಿಟ್ಟು, ಮುಂದಿನ ತೋಳು, ಮೊಣಕೈ, ಬೆರಳುಗಳನ್ನು ನಾನೇ ಸವರಿಕೊಂಡೆ, ಅಲುಗದ ಹಾಗೆ. ಇವತ್ತು ಮನೆಯಲ್ಲಿ ಮೊದಲು ನಿದ್ದೆ ಹೋದವರು ಅತ್ತೆ.